ಮಾರಾಯ, ಮಗಾ, ಮಚ್ಚಾ

ಗೆಳೆಯನನ್ನು ಎದುರಿಗೆ ‘ಗೆಳೆಯಾ’ ಎಂದು ಕರೆಯುವವರು ಭಾವಗೀತೆಯಲ್ಲಿದ್ದಾರೆ, ಸಿನಿಮಾ ಹಾಡಿನಲ್ಲಿದ್ದಾರೆ, ಅಜ್ಜಂಪುರದಲ್ಲಿಲ್ಲ. ಸಂತೆಯಲ್ಲಿ ಈರುಳ್ಳಿ ರಾಶಿಯ ಆಚೆಯಿಂದ ಯಾರಾದರೂ ‘ಓ ಗೆಳೆಯಾ’ ಎಂದು ಕೂಗಿದರೆ, ಕರೆಸಿಕೊಂಡವನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ, ಸಾಲಕ್ಕೆ ಬಂದನೇನೋ ಎಂದು. ಗೆಳೆಯ ಎಂಬುದು ಅವನಿಲ್ಲದಾಗ ಅವನ ವಿಷಯಕ್ಕೆ ಆಡುವ ಮಾತು. ಎದುರು ಸಿಕ್ಕಾಗಿನ ಮಾತೇ ಬೇರೆ.

ಆ ಬೇರೆ ಮಾತುಗಳಿಗೆ ನಮ್ಮಲ್ಲಿ ಬರವಿಲ್ಲ. ಊರು ಕೂತಿರುವ ಜಾಗ ಹಾಗಿದೆ. ಬೀರೂರಿನಲ್ಲಿ ರೈಲು ದಾರಿ ಕವಲಾಗಿ ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋದರೆ, ಇನ್ನೊಂದು ಅಜ್ಜಂಪುರ, ಶಿವನಿ ದಾಟಿಕೊಂಡು ದಾವಣಗೆರೆ, ಹುಬ್ಬಳ್ಳಿಗೆ ಹೋಗುತ್ತದೆ. ಹಾಗಾಗಿ ಅರಸೀಕೆರೆ ಕಡೆಯ ‘ಏನ್ಲಾ’, ದಾವಣಗೆರೆ ಕಡೆಯ ‘ಏನ್ಲೇ’, ಮಲೆನಾಡಿನ ‘ಮಾರಾಯ’ ಎಲ್ಲವೂ ಇಲ್ಲಿ ಇಳಿದು ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತವೆ. ಪರಸ್ಥಳದವನೊಬ್ಬ ಪಕ್ಕದಲ್ಲಿ ಕಿವಿಗೊಟ್ಟು ಕೂತರೆ ಪಾಪ, ಗಾಬರಿಯಾಗಬೇಕು. ‘ಹೌದು ಮಾರಾಯ’, ‘ಇಲ್ಲ ಗುರುವೇ’, ‘ಬಿಡು ಸಿವಾ’, ‘ಕೊಡು ಮಗಾ’. ಮಾರಾಯ ಅಂದರೆ ಮಹಾರಾಯ, ದೊಡ್ಡ ಅರಸ. ಅಂದಮೇಲೆ ಒಬ್ಬ ದೊರೆ, ಒಬ್ಬ ಗುರು, ಸಾಕ್ಷಾತ್ ಪರಶಿವ, ಜೊತೆಗೆ ಯಾರದೋ ಮಗ, ನಾಲ್ವರೂ ಸೇರಿ ಎರಡು ಬೈಟು ಹೇಳಿದ್ದಾರೆ. ದುಡ್ಡು ಕೊಡುವ ಹೊತ್ತಿಗೆ ನಾಲ್ವರೂ ಬಾಗಿಲ ಕಡೆ ನೋಡುತ್ತಿರುತ್ತಾರೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಗುರು. ಇಬ್ಬರು ಒಬ್ಬರನ್ನೊಬ್ಬರು ಗುರು ಎನ್ನುತ್ತಾರೆ; ಕಲಿಯುವವನು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ‘ಬಾರೋ ಸಿಸ್ಯ’ ಎನ್ನುವವರೂ ಇದ್ದಾರೆ, ಅವರು ಪಾಠ ಹೇಳುವುದಕ್ಕೆ ಕರೆಯುತ್ತಿರುವುದಿಲ್ಲ ಅಷ್ಟೆ.

ಮರ್ಯಾದೆಯ ಮಾತುಗಳ ಒಳಗೂ ತಮಾಷೆ ಇದೆ. ಸ್ನೇಹ ಎಂದರೆ ಸಂಸ್ಕೃತದಲ್ಲಿ ಎಣ್ಣೆ, ಜಿಡ್ಡು. ಸ್ನೇಹಿತ ಎಂದರೆ ಅಂಟಿಕೊಂಡವನು, ಸೋಪಿಗೂ ಬಿಡದವನು. ಮಿತ್ರ ಇನ್ನೂ ಗಟ್ಟಿ. ವೇದದ ಮಿತ್ರ ಮಾತು ಕೊಟ್ಟು ನಡೆಸುವ ದೇವರು. ಪಕ್ಕದ ಇರಾನಿನ ಅವೆಸ್ತಾ ಭಾಷೆಯಲ್ಲಿ ಅದೇ ಶಬ್ದಕ್ಕೆ ಕರಾರು ಎಂದೇ ಅರ್ಥ. ಆ ಲೆಕ್ಕದಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದವನೊಬ್ಬನೇ ಅಸಲಿ ಮಿತ್ರ. ಉಳಿದವರೆಲ್ಲ ಜಿಡ್ಡು.

ಆ ಇರಾನಿನಿಂದಲೇ ಬಂದದ್ದು ದೋಸ್ತ. ಹಳೆಯ ಪರ್ಶಿಯನ್ನಿನಲ್ಲಿ ‘ದೌಶ್ತರ್’ ಆಗಿದ್ದವನು ಉರ್ದು, ದಖನಿ ದಾಟಿ ಬರುವಷ್ಟರಲ್ಲಿ ಬಾಲ ಕಳೆದುಕೊಂಡು, ನಮ್ಮ ಬಾಯಲ್ಲಿ ಒಂದು ‘ಅ’ಕಾರ ಗಳಿಸಿ, ಚಡ್ಡಿ ದೋಸ್ತನೂ ಆದ. ಜಿಗರ್ ಅಂದರೆ ಯಕೃತ್ತು. ಹಾಗಾಗಿ ಜಿಗ್ರಿ ದೋಸ್ತ ಯಕೃತ್ತಿನಷ್ಟು ಹತ್ತಿರದವನು. ಜೊತೆಗೆ ಕೂತು ಕುಡಿದು ಆ ಅಂಗವನ್ನೇ ಹಾಳು ಮಾಡುವವನಿಗೂ ಇದೇ ಬಿರುದು ಸಲ್ಲುತ್ತದೆ.

ಜೊತೆಗಾರ ಎಂಬ ಮಾತು ಮಾತ್ರ ಇಲ್ಲಿಯ ಮಣ್ಣಿಗೆ ಹೇಳಿ ಮಾಡಿಸಿದ್ದು. ಒಂದು ಜೊತೆ ಅಂದರೆ ನಮ್ಮ ಹಿರಿಯರಿಗೆ ಚಪ್ಪಲಿ ಅಲ್ಲ, ಎತ್ತು. 1929ರಿಂದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇರುವ ಊರು ಇದು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ‘ಬೆಣ್ಣೆ ಚಾವಡಿ’ ಆಗಿದ್ದದ್ದನ್ನು ಟಿಪ್ಪು ‘ಅಮೃತ ಮಹಲ್’ ಎಂದ. ಹೆಸರು ಬದಲಾದದ್ದು ದನಗಳಿಗೆ ಗೊತ್ತಾದಂತಿಲ್ಲ. ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದು ಸತ್ತರೆ ಇನ್ನೊಂದು ಮೇವು ಬಿಟ್ಟಿತು ಎಂಬ ಕತೆ ಈ ಸೀಮೆಯಲ್ಲಿ ಎಲ್ಲ ಮನೆಯಲ್ಲೂ ಇದೆ. ಮನುಷ್ಯರ ವಿಷಯದಲ್ಲಿ ಅಂಥದ್ದನ್ನು ನಾನು ಕೇಳಿಲ್ಲ. ತಿಥಿ ಊಟಕ್ಕೆ ಎಲ್ಲರೂ ಬರುತ್ತಾರೆ.

ಗೆಳೆಯನ ಹಳೇ ರೂಪ ‘ಕೆಳೆಯ’. ಇದರ ಒಡಹುಟ್ಟು ಹಳೆಯ ತಮಿಳಿನ ‘ಕೇಳಿರ್’, ಅಂದರೆ ನೆಂಟರು. ಅಲ್ಲಿಗೆ ಗೆಳೆಯನಾದವನು ಬುಡದಲ್ಲಿ ನೆಂಟನೇ. ಸಾವಿರ ವರ್ಷ ಸವೆದು ಆ ನೆಂಟಸ್ತಿಕೆ ಮಾತಿನಿಂದ ಅಳಿಸಿಹೋದ ಮೇಲೆ, ನಾವು ಮತ್ತೆ ಅಣ್ಣಾ, ಭಾವಾ, ಮಾವಾ ಎಂದು ಕೈಗೆ ಸಿಕ್ಕ ಸಂಬಂಧವನ್ನೆಲ್ಲ ಅವನ ಕೊರಳಿಗೆ ಕಟ್ಟುತ್ತಿದ್ದೇವೆ. ಹೊರಗಿನವನನ್ನು ಹೊರಗಿನವನಾಗಿಯೇ ಇಟ್ಟು ಪ್ರೀತಿಸುವುದು ನಮಗೆ ಬರುವುದಿಲ್ಲ. ಒಂದೋ ಅವನು ನೆಂಟನಾಗಬೇಕು, ಇಲ್ಲವೇ ದೇವರು. ‘ಬ್ರೋ’ ಕೇಳಿ ಮುಖ ಸಿಂಡರಿಸುವ ಹಿರಿಯರಿಗೆ ನಾನು ಇದನ್ನೇ ಹೇಳುವುದು: ಹುಡುಗರು ಇಂಗ್ಲಿಷಿನಲ್ಲಿ ತಮ್ಮಾ, ಅಣ್ಣಾ ಅನ್ನುತ್ತಿದ್ದಾರೆ, ಅಷ್ಟೆ. ಡಚ್ಚರ ‘ಬಾಸ್’, ಅಂದರೆ ಯಜಮಾನ, ಅಮೆರಿಕ ಸುತ್ತಿ ಬಂದು ‘ಏನ್ ಬಾಸೂ’ ಆಗಿದ್ದನ್ನು ಒಪ್ಪಿಕೊಂಡವರು ಇದನ್ನೂ ನುಂಗಬಹುದು.

ತೊಡಕು ತಂದಿರುವುದು ಮಚ್ಚಾ. ತಮಿಳಿನ ಮಚ್ಚಾನ್, ಅಂದರೆ ಭಾವನೋ ಮೈದುನನೋ. ಬೆಂಗಳೂರಿಗೆ ಓದಲು ಹೋದ ಹುಡುಗರು ಹಬ್ಬಕ್ಕೆ ಬರುವಾಗ ಬ್ಯಾಗಿನಲ್ಲಿ ತಂದದ್ದು. ‘ಮಚ್ಚಾ’ ಎಂದು ಕರೆದರೆ ಲೆಕ್ಕಪ್ರಕಾರ ಅಕ್ಕತಂಗಿಯರ ಕೊಡುವ ತರುವ ಮಾತು ಒಳಗೇ ಇದೆ. ಗೊತ್ತಿಲ್ಲದ ಹುಡುಗ ಖುಷಿಯಾಗಿ ಓಗೊಡುತ್ತಾನೆ. ಅದಾದರೂ ಹೋಗಲಿ. ಮೊನ್ನೆ ಬೀರೂರಿನ ಕಡೆಯ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಇನ್ನೊಬ್ಬಳಿಗೆ ‘ಸೀಟು ಹಿಡಿ ಮಚ್ಚಾ’ ಎಂದಳು. ಮಾರಾಯ್ತಿ, ಕಣೇ, ಅಕ್ಕಾ ಇಷ್ಟರಲ್ಲೇ ಕಾಲ ಹಾಕಿದ ಹಿಂದಿನ ಸೀಟಿನ ಅಜ್ಜಿ ನನ್ನ ಕಡೆ ತಿರುಗಿ, ‘ಇವ್ರಿಬ್ರೂ ಏನಾಗ್ಬೇಕಪ್ಪಾ?’ ಅಂದರು. ಸಂಬಂಧ ಕೂಡಿಸಿ ಹೇಳುವಷ್ಟರಲ್ಲಿ ನನ್ನ ಸ್ಟಾಪು ಬಂತು.