ಹಸಿ ಫೋಟೋದವರು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಭಾನುವಾರ ಬೆಳಗಿನ ಜಾವ ಕಾಣಸಿಗುವ ಒಂದು ಜಾತಿ ‘ರಾ’ ಫೋಟೋಗ್ರಾಫರ್. ಮೈತುಂಬ ಜೇಬಿನ ಅಂಗಿ, ಹೆಗಲ ಮೇಲೆ ಟ್ರೈಪಾಡ್ ಇವರ ಗುರುತು. “ಜೆಪೆಗ್ ಹೊಡೆಯೋದು ಬಿಟ್ಟುಬಿಟ್ಟೆ” ಎನ್ನುವಾಗ ದನಿ ಬೀಡಿ ಬಿಟ್ಟವರದು.

ರಾ ಎಂದರೇನೆಂದು ತರೀಕೆರೆಯ ಅಡಿಕೆ ತೋಟದವರಿಗೆ ಹೇಳುವುದು ಸುಲಭ. ಜೆಪೆಗ್ ಎಂದರೆ ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿದ ಅಡಿಕೆ. ಅಷ್ಟೂ ಕೆಲಸ ಕ್ಯಾಮೆರಾದೊಳಗೇ ಮುಗಿದಿರುತ್ತದೆ. ರಾ ಎಂದರೆ ಗೊನೆಯಿಂದ ಆಗಷ್ಟೇ ಉದುರಿಸಿದ ಹಸಿಕಾಯಿ. ಬೇಯಿಸಿ ಬಣ್ಣ ಕಟ್ಟುವುದು ತೆಗೆದವರ ಪಾಡು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟ. 14 ಬಿಟ್ ರಾ ಕಡತದಲ್ಲಿ 16,384. ಈ ಲೆಕ್ಕವನ್ನು ಇವರು ಮದುವೆಮನೆ ಪಂಕ್ತಿಯಲ್ಲಿ ಪಲ್ಯ ಬಡಿಸುವವರಿಗೂ ಒಪ್ಪಿಸುತ್ತಾರೆ.

ಮೊದಲ ಪಾಠಕ್ಕೆ ತಕ್ಕ ಜಾಗ ಅಮೃತಾಪುರ. 1196ರ ಅಮೃತೇಶ್ವರ ದೇವಾಲಯದ ಮಂಟಪದೊಳಗೆ ಮಬ್ಬು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಜೆಪೆಗ್‌ನಲ್ಲಿ ಕರ್ರಗಾಗುವ ಕಂಬಗಳು, ರಾ ಕಡತದಲ್ಲಿ ನೆರಳನ್ನು ಮೇಲೆತ್ತಿದೊಡನೆ ಕಡೆದ ಬಳೆಗಳ ಸಮೇತ ಎದ್ದುಬರುತ್ತವೆ. ಇದನ್ನು ಒಮ್ಮೆ ಕಂಡವರಿಗೆ ದೇವರ ದರ್ಶನ ಮರೆತುಹೋಗುತ್ತದೆ.

ಎರಡನೆಯ ಪಾಠ ಲಕ್ಕವಳ್ಳಿಯದು. ಭದ್ರಾ ಹಿನ್ನೀರಿನ ರಿವರ್ ಟರ್ನ್ ಹಕ್ಕಿಯ ಬೆಳ್ಳನೆಯ ಎದೆಗೆ ಬೆಳಕು ಮಿತಿಮೀರಿದರೆ ಗರಿಗಳು ಅಳಿಸಿಹೋಗುತ್ತವೆ. ಚಿತ್ರದ ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಮೇಲೆ ತಿದ್ದಬಹುದು. ಪೂರ್ತಿ ಸುಟ್ಟ ಬಿಳುಪನ್ನು ತಿದ್ದಲಾಗದು. ಹಣ್ಣಾಗಿ ಗೋಟಾದ ಅಡಿಕೆಯನ್ನು ಯಾರೂ ಬೇಯಿಸಿದ ರಾಶಿ ಅಡಿಕೆ ಮಾಡಲಾರರಲ್ಲ, ಹಾಗೆ. ಆದ್ದರಿಂದ ಕ್ಯಾಮೆರಾದ ಪರದೆಯಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೋಗ್ರಾಮ್, ಬಲಗಡೆಯ ಗೋಡೆಗೆ ಒತ್ತದಂತೆ ನೋಡಿಕೊಳ್ಳಬೇಕು. ಮೂರನೆಯ ಪಾಠ ಕಡೂರಿನ ಬಾಸೂರು ಕಾವಲಿನದು: ರಾ ಕಡತಗಳು ದಪ್ಪ. ಒಂದೇ ಸಮನೆ ಹೊಡೆದರೆ ಕ್ಯಾಮೆರಾ ಬರೆದುಕೊಳ್ಳುತ್ತ ಕೂರುತ್ತದೆ, ಕೃಷ್ಣಮೃಗ ಕೂರುವುದಿಲ್ಲ.

ಮನೆಯ ಕೆಲಸಕ್ಕೆ ಡಾರ್ಕ್‌ಟೇಬಲ್, ರಾಥೆರಪಿ ಪುಕ್ಕಟೆ ಸಿಗುತ್ತವೆ. ಮೊದಲು ವೈಟ್ ಬ್ಯಾಲೆನ್ಸ್, ಆಮೇಲೆ ಎಕ್ಸ್‌ಪೋಷರ್, ನೆರಳು, ಕೊನೆಗೆ ಶಾರ್ಪ್‌ನೆಸ್. ತಿದ್ದುಪಡಿಗಳು ಬೇರೆಯಾಗಿ ದಾಖಲಾಗುವುದರಿಂದ ಮೂಲ ಕಡತ ಕೆಡುವುದಿಲ್ಲ. ಕೆಡುವ ಭಯವಿಲ್ಲದ ಮೇಲೆ ಮುಗಿಸುವ ಅವಸರವೂ ಇಲ್ಲ. ಅಜ್ಜಂಪುರದ ಅಮೃತಮಹಲ್ ಹೋರಿ ಒಂದೇ ರಾತ್ರಿಯಲ್ಲಿ ನೀಲಿಯಾಗಿ, ಹಳದಿಯಾಗಿ, ಬೆಳಗಾಗುವ ಹೊತ್ತಿಗೆ ಮತ್ತೆ ನೀಲಿಯಾಗಿರುತ್ತದೆ. ಅಡಿಕೆಯಾದರೆ ಮಳೆ ಬರುವುದರೊಳಗೆ ಬೇಯಿಸಲೇಬೇಕು, ಹಾರ್ಡ್‌ಡಿಸ್ಕಿಗೆ ಮಳೆಗಾಲವಿಲ್ಲ.

ಹೀಗಾಗಿ ಮಗುವಿನ ನಾಮಕರಣದ ಫೋಟೋ ಕೇಳಿದ ಅತ್ತೆಯವರಿಗೆ ಸಿಗುವ ಉತ್ತರ, “ಇನ್ನೂ ಪ್ರೊಸೆಸ್ ಆಗಿಲ್ಲ ಅತ್ತೆ.” ಅಷ್ಟರಲ್ಲಿ ಮಗು ತನ್ನ ಹೆಸರನ್ನು ತಾನೇ ಹೇಳುತ್ತಿರುತ್ತದೆ. ಇದಕ್ಕೆ ಮದ್ದು ಬಹುತೇಕ ಕ್ಯಾಮೆರಾಗಳ ಮೆನುವಿನಲ್ಲೇ ಇದೆ: ಒಂದೇ ಕ್ಲಿಕ್ಕಿಗೆ ರಾ, ಜೆಪೆಗ್ ಎರಡನ್ನೂ ಉಳಿಸುವ ವ್ಯವಸ್ಥೆ. ರಾ ತಮಗಿರಲಿ; ಜೆಪೆಗ್ ಆ ಸಂಜೆಯೇ ಅತ್ತೆಯವರ ವಾಟ್ಸಾಪಿಗೆ ಹೋಗಲಿ.