ಮೊದಲ ಹಣ್ಣಿನ ಮರ್ಯಾದೆ

ಟೊಮ್ಯಾಟೊ ತಳಿಗಳಲ್ಲಿ ಯಾವುದು ಬೇಗನೆ ಹಣ್ಣಾಗುವುದೆಂಬ ವಿಚಾರವು ಕೃಷಿಶಾಸ್ತ್ರಕ್ಕೆ ಸೇರಿದುದೆಂದು ಭಾವಿಸಿದವರು, ವರದೆಯು ತುಂಗಭದ್ರೆಯನ್ನು ಕೂಡುವ ನಮ್ಮ ಗಳಗನಾಥಕ್ಕೆ ಬಂದು ಒಂದು ಚಳಿಗಾಲವನ್ನು ಕಳೆಯತಕ್ಕದ್ದು. ಇಲ್ಲಿ ಅದು ಮಾನಾಪಮಾನದ ಪ್ರಶ್ನೆ. ಹಣ್ಣು ಹುಳಿಯೋ ಸಪ್ಪೆಯೋ ಎಂಬುದು ಅಡಿಗೆಮನೆಗೆ ಸಂಬಂಧಿಸಿದ ಕ್ಷುದ್ರ ವಿಷಯವೆಂದು ಪುರುಷವರ್ಗದ ಅಭಿಮತ.

ನನ್ನ ಪಕ್ಷ ಪೂಸಾ ರೂಬಿಯದು, ನೆರೆಮನೆಯ ರಾಯರದು ಪೂಸಾ ಅರ್ಲಿ ಡ್ವಾರ್ಫ್. ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ಇಂಪ್ರೂವ್ಡ್ ಮೀರುತಿ ಎಂಬ ಒಂದೇ ತಳಿಯನ್ನು ಅಮೆರಿಕದ ಎರಡು ಮನೆತನಗಳೊಡನೆ ಕೂಡಿಸಿ ಇವೆರಡನ್ನೂ ಪಡೆದರಾದ್ದರಿಂದ, ನಮ್ಮದು ಶಾಸ್ತ್ರೋಕ್ತವಾದ ದಾಯಾದಿ ಕಲಹ. ರೂಬಿಯ ಹಣ್ಣು ಕೊಂಚ ಚಪ್ಪಟೆ, ಮೈಮೇಲೆ ಗೀರು, ತೊಟ್ಟಿನ ಬಳಿ ತುಸು ಹಳದಿ. ಡ್ವಾರ್ಫಾದರೋ ಗಿಡ್ಡಾಗಿಯೇ ನಿಂತು, ತನ್ನ ಫಲವನ್ನೆಲ್ಲ ಹೆಚ್ಚುಕಡಿಮೆ ಒಮ್ಮೆಗೇ ಒಪ್ಪಿಸಿ ಸಂಸಾರದಿಂದ ನಿವೃತ್ತವಾಗುತ್ತದೆ.

ತಕರಾರಿನ ಮೂಲವಿರುವುದು ಗಣಿತದಲ್ಲಿ. ಬೀಜದವರು ಹೇಳುವ 60, 65 ದಿನಗಳು ಸಸಿಯನ್ನು ಕಿತ್ತು ನಾಟಿ ಮಾಡಿದಂದಿನಿಂದ ಎಣಿಸತಕ್ಕವು. ಅದಕ್ಕೆ ಮೊದಲು ಸಸಿಮಡಿಯಲ್ಲಿ ಕಳೆದ ಮೂರು ನಾಲ್ಕು ವಾರಗಳಿಗೆ ಲೆಕ್ಕವಿಲ್ಲ. ರಾಯರು ತಮ್ಮ ಗಿಡಕ್ಕೆ ನಾಟಿಯಿಂದಲೂ ನನ್ನ ಗಿಡಕ್ಕೆ ಬಿತ್ತಿದಂದಿನಿಂದಲೂ ಎಣಿಸುವರು. ಸಾಲದ್ದಕ್ಕೆ, ಬಲಿತ ದೋರಗಾಯಿಯೊಂದನ್ನು ಕಳಿತ ಬಾಳೆಹಣ್ಣಿನೊಡನೆ ಅಕ್ಕಿಡಬ್ಬಿಯಲ್ಲಿ ಮುಚ್ಚಿಟ್ಟು, ಬಾಳೆ ಸೂಸುವ ಎಥಿಲೀನ್ ಅನಿಲದಿಂದ ಅದು ಕೆಂಪೇರಿದ ಮೇಲೆ, ಈಗ ತಾನೆ ಗಿಡದಿಂದ ಬಿಡಿಸಿದೆನೆಂದು ಓಣಿಗೆಲ್ಲ ತೋರಿಸುವ ವಿದ್ಯೆಯೂ ಅವರಿಗೆ ಸಿದ್ಧಿಸಿದೆ. ಅಕ್ಕಿಯ ಕಾಳೊಂದು ತೊಟ್ಟಿಗೆ ಅಂಟಿಕೊಂಡಿದ್ದುದನ್ನು ನಾನು ಸಭೆಯ ಗಮನಕ್ಕೆ ತಂದೆನಾದರೂ, ಸಭೆ ಅದನ್ನು ಮಂತ್ರಾಕ್ಷತೆಯೆಂದು ತೀರ್ಮಾನಿಸಿತು.

ಆ ಸಭೆಯಲ್ಲಿ ರಾಣೆಬೆನ್ನೂರಿನ ಕಡೆಯಿಂದ ಬಂದಿದ್ದ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳಿದ್ದಳು. ಸಂಕರ ಬೀಜಕ್ಕೆಂದೇ ಟೊಮ್ಯಾಟೊ ಬೆಳೆಯುವ ಆ ಸೀಮೆಯ ‘ಸೀಡ್ಸ್’ ಹೊಲಗಳಲ್ಲಿ ಹೆಣ್ಣುಮಕ್ಕಳು ನಾಳೆ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಹಳದಿಯ ಪರಾಗಕೋಶವನ್ನು ಶಲಾಕೆಗೆ ಪೆಟ್ಟಾಗದಂತೆ ಕಿತ್ತು, ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಪುಡಿಯನ್ನು ಸೋಂಕಿಸುತ್ತಾರೆ. ಇಷ್ಟು ಉಪಚಾರದಿಂದ ಹುಟ್ಟಿದ ಹಣ್ಣನ್ನು ಯಾರೂ ತಿನ್ನುವುದಿಲ್ಲ. ಕ್ರಾಸಿಂಗೆಂಬ ಈ ಕೆಲಸದಲ್ಲಿ ಪಳಗಿದ ಆ ಹುಡುಗಿ ನಮ್ಮಿಬ್ಬರನ್ನೂ ನೋಡಿ ನಕ್ಕಳು.

"ಕಾಕಾ, ನಾವು ಬುಟ್ಟಿಗಟ್ಟಲೆ ಹಣ್ಣು ಹಿಂಡಿ ಬೀಜ ಇಟ್ಕೊಂಡು ತಿರುಳು ಚೆಲ್ತೀವಿ. ನೀವು ಒಂದ್ ಹಣ್ಣಿಗೆ ಪಂಚಾಯ್ತಿ ಕೂಡಸೀರಲ್ಲ!"

ರಾಯರು ಕ್ಷಣಕಾಲ ಗಂಭೀರರಾದರು. ಬಳಿಕ ಆಕೆಯನ್ನು ಪಕ್ಕಕ್ಕೆ ಕರೆದು, ಆ ಹೊಲಗಳಲ್ಲಿ ಎಲ್ಲಕ್ಕಿಂತ ಮೊದಲು ಕೆಂಪಾಗುವ ಗಿಡ ಯಾವುದು, ಮುಂದಿನ ಸಲ ಬರುವಾಗ ಅದರ ನಾಲ್ಕು ಸಸಿಗಳನ್ನು ಬಸ್ಸಿನಲ್ಲಿ ತರಲಾದೀತೇ ಎಂದು ವಿಚಾರಿಸತೊಡಗಿದರು.