ಏಕನಾದ ಮೀಮಾಂಸೆ: ಎರಡು ಸ್ಪೀಕರುಳ್ಳ ಗೃಹಸ್ಥನಿಗೆ ಮೊನೊಪ್ರಾಪ್ತಿಯ ಕ್ರಮ

ಶಾಸ್ತ್ರಗ್ರಂಥಗಳು ವಿಷಯಕ್ಕೆ ಇಳಿಯುವ ಮೊದಲು ಅನುಬಂಧಚತುಷ್ಟಯವನ್ನು, ಅಂದರೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಇವುಗಳ ಸಂಬಂಧವೇನು ಎಂಬುದನ್ನು ಹೇಳಿಬಿಡುವುದು ವಾಡಿಕೆಯಾದ್ದರಿಂದ ಪ್ರಸ್ತುತ ಗ್ರಂಥವೂ ಆ ಮರ್ಯಾದೆಯನ್ನು ಮೀರುವುದಿಲ್ಲ. ಮನೆಯಲ್ಲಿ ಟರ್ನ್‌ಟೇಬಲ್, ಎರಡು ಚಾನೆಲ್ಲಿನ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರುಗಳನ್ನು ಸಾಲ ಮಾಡಿಯಾದರೂ ಸಂಪಾದಿಸಿ, ಆಮೇಲೆ ಅವೆರಡರಿಂದಲೂ ಒಂದೇ ನಾದ ಹೊಮ್ಮಲಿ ಎಂದು ಹಂಬಲಿಸುವವನೇ ಇಲ್ಲಿ ಅಧಿಕಾರಿ. ಒಂದೇ ಸ್ಪೀಕರಿನ ಹಳೆಯ ರೆಕಾರ್ಡ್ ಪ್ಲೇಯರ್ ಉಳ್ಳವನು ಹುಟ್ಟಿನಿಂದಲೇ ಮುಕ್ತನಾದ್ದರಿಂದ ಅವನಿಗೆ ಉಪದೇಶ ಬೇಕಾಗಿಲ್ಲ. ವಿಷಯವೆಂದರೆ ಮೊನೊ, ಅಂದರೆ ಒಂದೇ ಚಾನೆಲ್ಲಿನಲ್ಲಿ ಮುದ್ರಿತವಾದ ಧ್ವನಿ. ಪ್ರಯೋಜನವು ಚಟಪಟ ಸದ್ದಿನ ನಿವೃತ್ತಿ. ಸಂಬಂಧವು ತಂತಿಯ ಮೂಲಕ ಏರ್ಪಡುವಂಥದ್ದಾದ್ದರಿಂದ ಅದನ್ನು ತಂತಿಯ ಪ್ರಕರಣದಲ್ಲಿಯೇ ನೋಡತಕ್ಕದ್ದು.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಮೊನೊ ತಟ್ಟೆಯನ್ನು ಸ್ಟೀರಿಯೊದಲ್ಲಿ ಹಾಕಿದರೆ ಎರಡು ಸ್ಪೀಕರುಗಳಲ್ಲೂ ಅದೇ ಹಾಡು ತಾನೇ ಬರುವುದು, ಬಂದಮೇಲೆ ಅದನ್ನು ಮತ್ತೆ ಒಂದು ಮಾಡುವ ಪಾಡೇಕೆ ಎಂದು ಮನೆಯ ಇತರ ಸದಸ್ಯರು ಕೇಳುತ್ತಾರೆ. ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ತಟ್ಟೆಯ ಗೀರಿನ ಸ್ವರೂಪವನ್ನು ಅರಿಯದವರದು. ಶೃಂಗೇರಿ, ಉಡುಪಿ, ಮೇಲುಕೋಟೆ ಮೂರೂ ಇರುವ ನಾಡಿನಲ್ಲಿ ಒಂದೋ ಎರಡೋ, ಅಥವಾ ಎರಡನ್ನೂ ಒಳಗೊಂಡ ಒಂದೋ ಎಂಬ ಚರ್ಚೆ ಹೊಸದಲ್ಲವಾದರೂ ಅದನ್ನು ಗ್ರಾಮಫೋನಿನ ಮುಳ್ಳಿನ ತುದಿಗೆ ತಂದು ನಿಲ್ಲಿಸಿದವರು ವಿರಳ.

ಎಡಿಸನ್ 1877ರಲ್ಲಿ ರಚಿಸಿದ ಫೋನೋಗ್ರಾಫಿನಲ್ಲಿ ಮುಳ್ಳು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಹತ್ತು ವರ್ಷಗಳ ಬಳಿಕ, 1887ರಲ್ಲಿ, ಎಮಿಲ್ ಬರ್ಲಿನರ್ ತನ್ನ ಗ್ರಾಮಫೋನಿನಲ್ಲಿ ಅದನ್ನು ಎಡಬಲಕ್ಕೆ ಆಡಿಸಿದನು. ಇವೆರಡು ದರ್ಶನಗಳಲ್ಲಿ ಬರ್ಲಿನರನದೇ ಗೆದ್ದಿತು, ಎಡಿಸನ್ 1929ರಲ್ಲಿ ತಟ್ಟೆಯ ವ್ಯಾಪಾರವನ್ನೇ ಬಿಟ್ಟನು. ಆದರೆ ಸೋತ ಮತವು ಸುಮ್ಮನೆ ಸಾಯುವುದಿಲ್ಲ. ಇಎಂಐ ಸಂಸ್ಥೆಯ ಅಲನ್ ಬ್ಲೂಮ್‌ಲೈನ್ 1931ರಲ್ಲಿ ಸಲ್ಲಿಸಿದ ಪೇಟೆಂಟಿನಲ್ಲಿ, ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಚಾನೆಲ್ಲುಗಳನ್ನು ಕೊರೆಯುವ ಯುಕ್ತಿಯಿತ್ತು. 1957ರಲ್ಲಿ ವೆಸ್ಟ್ರೆಕ್ಸ್ ಸಂಸ್ಥೆ ಅದೇ ಬಗೆಯ, ಒಂದೊಂದು ಗೋಡೆಯೂ ನಲವತ್ತೈದು ಡಿಗ್ರಿ ವಾಲಿದ ಗೀರನ್ನು ಪ್ರದರ್ಶಿಸಿತು, ಮರುವರ್ಷ ಸ್ಟೀರಿಯೊ ತಟ್ಟೆಗಳು ಅಂಗಡಿ ತುಂಬಿದವು. ಈ ಗೀರಿನಲ್ಲಿ ಎಡ ಬಲ ಚಾನೆಲ್ಲುಗಳ ಮೊತ್ತವು ಮುಳ್ಳನ್ನು ಪಕ್ಕಕ್ಕೂ, ಅವುಗಳ ವ್ಯತ್ಯಾಸವು ಮೇಲೆಕೆಳಗೂ ಆಡಿಸುತ್ತದೆ. ಅಂದರೆ ಐಕ್ಯವೆಲ್ಲ ಬರ್ಲಿನರನ ಪಾಲು, ಭೇದವೆಲ್ಲ ಎಡಿಸನ್ನನ ಪಾಲು. ಸ್ಟೀರಿಯೊ ಎಂಬುದು ಇವರಿಬ್ಬರ ಜಗಳವನ್ನು ಒಂದೇ ಗೀರಿನಲ್ಲಿ ರಾಜಿ ಮಾಡಿಸಿದ ಕಾಗದ.

ಮೊನೊ ತಟ್ಟೆಯಲ್ಲಿ ಭೇದವೇ ಇಲ್ಲದ್ದರಿಂದ ಮೇಲೆಕೆಳಗಿನ ಚಲನೆಗೆ ಕೆಲಸವಿಲ್ಲ. ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಒತ್ತಿ ಕಳಿಸಿದ ಎಚ್‌ಎಂವಿ ತಟ್ಟೆಗಳಲ್ಲಿ ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳು ಸಾಮಾನ್ಯವಾಗಿ ಈ ಜಾತಿಯವೇ. ಆದರೂ ಅವುಗಳನ್ನು ಸ್ಟೀರಿಯೊ ಕಾರ್ಟ್ರಿಡ್ಜ್, ಅಂದರೆ ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪುಟ್ಟ ಡಬ್ಬಿ, ಓದಿದಾಗ ಮುಳ್ಳು ಮೇಲೆಕೆಳಗೂ ಕುಣಿಯುತ್ತಲೇ ಇರುತ್ತದೆ. ಕುಣಿಸುವವರು ಗಾಯಕರಲ್ಲ, ಗೀರಿನ ತಳದ ಧೂಳು, ತಟ್ಟೆಯ ಸೊಟ್ಟ, ಟರ್ನ್‌ಟೇಬಲ್ಲಿನ ಗುಡುಗುಡು, ಜೊತೆಗೆ ಗೀರು ಓರೆಯಾದಲ್ಲಿ ಇಕ್ಕಟ್ಟಾಗಿ ಮುಳ್ಳನ್ನು ಮೇಲಕ್ಕೆ ಹಿಂಡುವ ದೋಷ. ತಂತ್ರಜ್ಞರು ‘ಪಿಂಚ್ ಎಫೆಕ್ಟ್’ ಎನ್ನುವ ಈ ಕೊನೆಯದು, ಅರ್ಥಾತ್ ಚಿವುಟು, ಸ್ವರದ ಒಂದೊಂದು ಆವರ್ತನಕ್ಕೆ ಎರಡೆರಡು ಬಾರಿ ನಡೆಯುವುದರಿಂದ ಇಲ್ಲದ ಸ್ವರವೊಂದನ್ನು ಒಂದು ಸ್ಥಾಯಿ ಮೇಲೆ ಹುಟ್ಟಿಸುತ್ತದೆ. ಮೇಲೆಕೆಳಗಿನ ಈ ಉಪದ್ರವಗಳು ಎರಡು ಚಾನೆಲ್ಲುಗಳಲ್ಲಿ ಒಂದಕ್ಕೊಂದು ವಿರುದ್ಧ ಚಿಹ್ನೆಯಲ್ಲಿ ಬರುವುದರಿಂದ, ಎರಡನ್ನೂ ಕೂಡಿಸಿದೊಡನೆ ಪರಸ್ಪರ ಹೊಡೆದುಹಾಕಿಕೊಂಡು ನಾಶವಾಗುತ್ತವೆ, ಹಾಡು ಮಾತ್ರ ಉಳಿಯುತ್ತದೆ. ಪೂರ್ವಪಕ್ಷ ಇಲ್ಲಿಗೆ ಬಿದ್ದಿತು.

ಇನ್ನು ತಂತಿಯ ಪ್ರಕರಣ. ಹಿಂದಿನ ಆಂಪ್ಲಿಫೈಯರುಗಳ ಮುಖದಲ್ಲಿ ‘ಮೊನೊ’ ಎಂಬ ಒಂದು ಗುಂಡಿಯಿರುತ್ತಿತ್ತು, ಒತ್ತಿದರೆ ಮೋಕ್ಷ. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಬ್ಲೂಟೂತ್ ಇದೆ, ರಿಮೋಟ್ ಇದೆ, ನೀಲಿ ದೀಪವೂ ಇದೆ, ಗುಂಡಿ ಮಾತ್ರ ಇಲ್ಲ. ಆದ್ದರಿಂದ ಸಾಧಕನು ವೈ-ಕೇಬಲ್ ಎಂಬ ಕವಲುತಂತಿಗಳನ್ನು ಎರಡು ಕೊಂಡು, ಮೊದಲನೆಯದರಿಂದ ಎರಡನ್ನು ಒಂದು ಮಾಡಿ, ಎರಡನೆಯದರಿಂದ ಆ ಒಂದನ್ನು ಮತ್ತೆ ಎರಡು ಮಾಡಿ, ಟರ್ನ್‌ಟೇಬಲ್ಲಿಗೂ ಫೋನೊ ಪ್ರೀಆಂಪಿಗೂ, ಅಂದರೆ ಕಾರ್ಟ್ರಿಡ್ಜಿನ ಕ್ಷೀಣ ಸಂಕೇತವನ್ನು ಮೊದಲು ಹಿಗ್ಗಿಸುವ ಘಟಕಕ್ಕೂ, ನಡುವೆ ಇಡತಕ್ಕದ್ದು. ಹೀಗೆ ಮಾಡಿದರೆ ಪ್ರೀಆಂಪಿನ 47 ಕಿಲೊಓಮ್‌ನ ಎರಡು ಇನ್‌ಪುಟ್‌ಗಳು ಸಮಾಂತರವಾಗಿ ಕೂಡಿ 23.5 ಕಿಲೊಓಮ್‌ಗೆ ಇಳಿಯುತ್ತವೆಂಬ ಆಕ್ಷೇಪ ಬರಬಹುದು. ಕಾರ್ಟ್ರಿಡ್ಜಿನ ಎರಡು ಸುರುಳಿಗಳೂ ಸಮಾಂತರವಾಗಿ ಕೂಡಿ ಅರ್ಧಕ್ಕೆ ಇಳಿಯುವುದರಿಂದ ಲೆಕ್ಕ ಸರಿಹೋಗುತ್ತದೆಂಬುದು ಸಮಾಧಾನ. ಆದರೆ ಇದೇ ಕವಲನ್ನು ಆಂಪ್ಲಿಫೈಯರ್ ಮತ್ತು ಸ್ಪೀಕರಿನ ನಡುವೆ ಪ್ರಯೋಗಿಸುವವನು, ಹೊಗೆಯಿಂದ ಬೆಂಕಿಯನ್ನು ಊಹಿಸುವ ತರ್ಕಶಾಸ್ತ್ರದ ಉದಾಹರಣೆಗೆ ಇನ್ನು ಬೆಟ್ಟ ಹುಡುಕಬೇಕಾಗಿಲ್ಲ.

ಕಾರ್ಟ್ರಿಡ್ಜಿನ ಬೆನ್ನಿಗೆ ನಾಲ್ಕು ಕೂದಲೆಳೆ ತಂತಿಗಳುಂಟು: ಬಿಳಿ ನೀಲಿ ಎಡ ಚಾನೆಲ್ಲಿಗೆ, ಕೆಂಪು ಹಸಿರು ಬಲ ಚಾನೆಲ್ಲಿಗೆ. ಚಿಮಟ ಹಿಡಿದು, ಉಸಿರು ಬಿಗಿಹಿಡಿದು ಇವುಗಳನ್ನು ಸಿಕ್ಕಿಸುವಾಗ ಕೆಂಪು ಹಸಿರು ಅದಲುಬದಲಾದರೆ ಅಪೂರ್ವ ವಿಪರ್ಯಯ ಸಂಭವಿಸುತ್ತದೆ. ಕೂಡಿಸುವ ತಂತಿ ಈಗ ಕಳೆಯುವ ತಂತಿಯಾಗುವುದರಿಂದ ಗಾಯಕ ಪಿ.ಬಿ. ಶ್ರೀನಿವಾಸ್ ಸಮೇತ ಇಡೀ ವಾದ್ಯವೃಂದ ಬಹುತೇಕ ಮಾಯವಾಗಿ, ಅರವತ್ತು ವರ್ಷಗಳ ಧೂಳು ಮಾತ್ರ ಯಾವ ಪಕ್ಕವಾದ್ಯವೂ ಇಲ್ಲದೆ ಕಚೇರಿ ಕೊಡುತ್ತದೆ. ಇದನ್ನು ದೋಷವೆನ್ನುವವರು ಅಲ್ಪಜ್ಞರು. ಹಾಡು ಎಷ್ಟು ಚೆನ್ನಾಗಿ ಅಳಿಸಿಹೋಗುತ್ತದೋ ಎರಡು ಚಾನೆಲ್ಲುಗಳು ಅಷ್ಟು ಸಮವಾಗಿವೆ ಎಂದರ್ಥವಾದ್ದರಿಂದ, ಹಾಡು ಕೇಳಿಸದಂತೆ ಮಾಡಲು ಸಂಜೆಯಿಡೀ ಕಾರ್ಟ್ರಿಡ್ಜನ್ನು ಕೂದಲೆಳೆಯಷ್ಟು ವಾಲಿಸುತ್ತಾ ಕೂರುವ ಸಂಗೀತಪ್ರೇಮಿಗಳ ಪಂಥವೂ ಒಂದುಂಟು.

ತಂತಿಯ ಗೋಜು ಬೇಡವೆನ್ನುವ ಧನಿಕನು ಮೊನೊ ಕಾರ್ಟ್ರಿಡ್ಜನ್ನೇ ಕೊಳ್ಳಬಹುದು. ಇವುಗಳಲ್ಲಿ ಕೆಲವು ನಿಜವಾಗಿಯೂ ಪಕ್ಕದ ಚಲನೆಯನ್ನಷ್ಟೇ ಅರಿಯುತ್ತವೆ. ಕೆಲವು ಒಳಗೆ ಸ್ಟೀರಿಯೊ ಆಗಿಯೇ ಇದ್ದು, ತಂತಿಗಳನ್ನು ಡಬ್ಬಿಯೊಳಗೇ ಜೋಡಿಸಿದ ಕೂಲಿಗಾಗಿ ಹೆಚ್ಚು ಬೆಲೆ ಪಡೆಯುತ್ತವೆ. ಮುಳ್ಳಿನ ತುದಿಯ ದುಂಡಿಗೂ ಸಂಪ್ರದಾಯಭೇದವಿದೆ. 1948ರಲ್ಲಿ ಬಂದ ಎಲ್‌ಪಿಯ ಮೊನೊ ಗೀರಿಗೆ ಸುಮಾರು 25 ಮೈಕ್ರಾನ್ ತ್ರಿಜ್ಯ, ಸ್ಟೀರಿಯೊಗೆ ಸುಮಾರು 18. ಅದಕ್ಕೂ ಹಿಂದಿನ 78 ವೇಗದ ಅರಗಿನ ತಟ್ಟೆಗೆ ಇವೆರಡೂ ಸಲ್ಲದೆ, ಸುಮಾರು ಮೂರು ಪಟ್ಟು ದಪ್ಪದ ಮುಳ್ಳೇ ಆಗಬೇಕು.

ಇಷ್ಟಾದ ಮೇಲೂ ಸ್ಪೀಕರುಗಳು ಎರಡೇ ಇವೆಯೆಂಬ ಕಟುಸತ್ಯ ಉಳಿಯುತ್ತದೆ. ಒಂದೇ ನಾದ ಎರಡು ಕಡೆಯಿಂದ ಬಂದಾಗ ಗಾಯಕನು ಎರಡರಲ್ಲೂ ಇರದೆ ನಟ್ಟನಡುವೆ, ಅಂದರೆ ಚನ್ನಪಟ್ಟಣದ ಬೊಂಬೆಗಳೂ ಮೊಮ್ಮಗನ ಶೀಲ್ಡುಗಳೂ ಇರುವ ಷೋಕೇಸಿನ ಒಳಗೆ ನಿಂತು ಹಾಡುತ್ತಾನೆ. ಕೇಳುಗನು ಕುರ್ಚಿಯನ್ನು ಒಂದು ಮೊಳ ಸರಿಸಿದರೆ, ಮೊದಲು ಮುಟ್ಟಿದ ಸದ್ದನ್ನೇ ಕಿವಿ ನಂಬುತ್ತದೆಂದು 1949ರಲ್ಲಿ ಹೆಲ್ಮುಟ್ ಹಾಸ್ ವಿವರಿಸಿದ ನಿಯಮದಂತೆ, ಗಾಯಕನು ಬೊಂಬೆಗಳನ್ನು ತೊರೆದು ಹತ್ತಿರದ ಸ್ಪೀಕರಿನತ್ತ ಓಡುತ್ತಾನೆ. ನಡುವೆಯೇ ಕುಳಿತರೂ ಕ್ಷೇಮವಿಲ್ಲ: ದೂರದ ಸ್ಪೀಕರಿನ ಸದ್ದು ಪ್ರತಿ ಕಿವಿಗೂ ಸುಮಾರು ಕಾಲು ಮಿಲಿಸೆಕೆಂಡು ತಡವಾಗಿ ಬಂದು, 2,000 ಹರ್ಟ್ಸಿನ ಆಸುಪಾಸಿನಲ್ಲಿ ಒಂದು ಹಳ್ಳ ತೋಡುತ್ತದೆ. ಯುಗಳಗೀತೆಗಳ ವಿಷಯದಲ್ಲಿ ಮಾತ್ರ ಮೊನೊದ ಹಿರಿಮೆ ನಿರ್ವಿವಾದವಾದದ್ದು; ಪರದೆಯ ಮೇಲೆ ಮರದ ಆಚೆಗೊಬ್ಬರು ಈಚೆಗೊಬ್ಬರಾಗಿ ಸೆನ್ಸಾರಿಗೆ ಹೆದರಿ ನಿಂತ ನಾಯಕ ನಾಯಕಿಯರು ಇಲ್ಲಿ ಒಂದೇ ಬಿಂದುವಿನಲ್ಲಿ, ನಡುವೆ ಎಳ್ಳಷ್ಟು ಜಾಗವೂ ಇಲ್ಲದೆ, ನಿಂತು ಹಾಡುತ್ತಾರೆ.

ಆದ್ದರಿಂದ ಸಿದ್ಧಾಂತವು ಇದು: ಒಂದು ಸ್ಪೀಕರಿನ ತಂತಿಯನ್ನು ಕಳಚಿ, ಇನ್ನೊಂದನ್ನು ಕೋಣೆಯ ನಡುವೆ ತಂದಿಟ್ಟು ಕೇಳುವುದು. ಕಳಚಬೇಕಾದದ್ದು ಎಡದ್ದೋ ಬಲದ್ದೋ ಎಂಬಲ್ಲಿ ಅನುಯಾಯಿಗಳು ಆಗಲೇ ಎರಡು ಕವಲಾಗಿ ಒಬ್ಬರ ಮನೆಗೊಬ್ಬರು ಹೋಗುವುದನ್ನು ಬಿಟ್ಟಿದ್ದಾರೆ. ಕಳಚಿದ ಸ್ಪೀಕರಿನ ಮೇಲೆ ಮನಿ ಪ್ಲಾಂಟ್ ಇಡುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ, ನೀರು ಹಾಕುವಾಗ ಎಚ್ಚರ ಬೇಕಷ್ಟೆ. ಎರಡು ಕವಲುತಂತಿ, ಒಂದು ಮೊನೊ ಕಾರ್ಟ್ರಿಡ್ಜ್ ಮತ್ತು ಆರು ತಿಂಗಳ ಅಧ್ಯಯನದಿಂದ ಈ ಪದವಿಗೇರಿದ ಸಾಧಕನನ್ನು ಕಾಣಲು ಬಂದ ನೆಂಟರು, ಕಾಫಿ ಲೋಟ ಕೆಳಗಿಡುತ್ತಾ, ಒಂದು ಸ್ಪೀಕರ್ ಕೆಟ್ಟಿದೆಯಲ್ಲ, ರಿಪೇರಿಗೆ ಎಷ್ಟು ಕೇಳಿದರು ಎಂದು ವಿಚಾರಿಸುವುದುಂಟು; ಇದಕ್ಕೆ ಪರಿಹಾರವನ್ನು ಯಾವ ಆಚಾರ್ಯರೂ ಹೇಳಿಲ್ಲ.